ದರಿಯಾ ದೌಲತ್ ನೋಡೋಕೆ ಹೋಗೋರು ಆಟೋ ಪ್ಯಾಕೇಜ್ ಮಾತ್ರ ತಗೋಬೇಡಿ

ಅಪ್ಪನ್ನ ಕರ್ಕೊಂಡು ಶ್ರೀರಂಗಪಟ್ಟಣಕ್ಕೆ ಹೋಗಿ ಬಂದೆ. ಇಡೀ ಊರಿನ ಬಗ್ಗೆ ಬರೆಯೋಕೆ ಹೋಗಲ್ಲ, ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ಬಾಗ್ ಒಂದರ ಬಗ್ಗೆನೇ ಹೇಳ್ತೀನಿ, ಯಾಕಂದ್ರೆ ಅದನ್ನ ನಾವು ಎರಡು ಸಲ ನೋಡ್ಬೇಕಾಯ್ತು.

ಮೊದಲು ಬಸ್ ವಿಷ್ಯ. ಬೆಂಗಳೂರಲ್ಲಿ ಒಂದು ಪ್ರೈವೇಟ್ ಬಸ್ಸಿನವನು 'ಊರೊಳಗೇ ಹೋಗುತ್ತೆ ಸಾರ್, ಕೂತ್ಕೊಳಿ' ಅಂತ ಹತ್ತಿಸ್ಕೊಂಡ, ಆಮೇಲೆ ಬೈಪಾಸ್ ಪಕ್ಕ ನಿಲ್ಲಿಸಿ 'ಇಲ್ಲೇ ಇಳ್ಕೊಳಿ, ಒಳಗೆ ಹೋಗಲ್ಲ' ಅಂದ್ಬಿಟ್ಟ. ಅಪ್ಪನಿಗೆ ಮಂಡಿ ನೋವು, ಬ್ಯಾಗ್ ಬೇರೆ, ಬಿಸಿಲಲ್ಲಿ ಸರ್ವಿಸ್ ರೋಡ್ ಹಿಡ್ಕೊಂಡು ನಡೆದ್ವಿ. ಹೊಸ ಹೈವೇ ಆದ್ಮೇಲೆ ಮೈಸೂರಿಗೆ ನೇರ ಹೋಗೋ ಗಾಡಿಗಳು ಊರಿಗೆ ಬರದೇ ಇರೋದು ಜಾಸ್ತಿ, ಹತ್ತೋ ಮುಂಚೆ ಬಸ್ ಸ್ಟ್ಯಾಂಡಿಗೇ ಹೋಗುತ್ತಾ ಅಂತ ಎರಡು ಸಲ ಕೇಳಿ. ನನ್ನ ಕೇಳಿದ್ರೆ ಟ್ರೈನೇ ವಾಸಿ, ಸ್ಟೇಷನ್ ಕೋಟೆ ಒಳಗೇ ಇದೆ, ಆದ್ರೆ ಎಲ್ಲಾ ಟ್ರೈನೂ ಅಲ್ಲಿ ನಿಲ್ಲಲ್ಲ, ನೋಡ್ಕೊಂಡು ಟಿಕೆಟ್ ತಗೋಬೇಕು.

ಆ ಸುಸ್ತಲ್ಲೇ ತಪ್ಪು ಮಾಡಿದ್ದು. ಒಬ್ಬ ಆಟೋದವನು ಎಂಟು ಪಾಯಿಂಟ್ ತೋರಿಸ್ತೀನಿ, 800 ರೂಪಾಯಿ ಅಂದ, ಒಪ್ಕೊಂಡ್ವಿ. ಟಿಪ್ಪು ಸತ್ತು ಬಿದ್ದ ಜಾಗ ಐದು ನಿಮಿಷ, ಇಂಗ್ಲಿಷ್ ಕೈದಿಗಳನ್ನ ಇಟ್ಟಿದ್ದ ಬೈಲಿ ಸೆರೆಮನೆ ಐದು ನಿಮಿಷ, ದರಿಯಾ ದೌಲತ್ ಹತ್ರ ಇಳಿಸಿ 'ಹದಿನೈದು ನಿಮಿಷ ಸಾಕು ಸಾರ್, ತೋಟ ಅಷ್ಟೇ' ಅಂದ. ಭಾನುವಾರ ಬೇರೆ, ಎರಡು ಸ್ಕೂಲ್ ಟೂರ್ ಬಸ್ಸು ನಿಂತಿತ್ತು, ಒಳಗೆ ಮಕ್ಕಳ ಸಾಲು ಮುಂದಕ್ಕೆ ತಳ್ಕೊಂಡು ಹೋಗೋದು, ಗೋಡೆ ನೋಡೋಕೇ ಆಗ್ಲಿಲ್ಲ. ಅದೇ ಆಟೋದವನು ಊಟಕ್ಕೆ ಅವನಿಗೆ ಬೇಕಾದ ಹೋಟೆಲಲ್ಲಿ ಮುಕ್ಕಾಲು ಗಂಟೆ ನಿಲ್ಲಿಸ್ದ, ಕೊನೆಗೆ ವೇಟಿಂಗ್ ಅಂತ ಇನ್ನೂ 200 ಕೇಳ್ದ. ಅಪ್ಪ ಜಗಳ ಬೇಡ ಕಣೋ ಕೊಟ್ಬಿಡು ಅಂದ್ರು, ಕೊಟ್ಟೆ. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಹಂಗೆ ಬಿಟ್ಟು ಬರೋಕೆ ಮನಸ್ಸಾಗದೆ ಮಂಗಳವಾರ ಬೆಳಿಗ್ಗೆ ಗೇಟ್ ತೆಗೆಯೋ ಹೊತ್ತಿಗೆ ಮತ್ತೆ ಹೋದ್ವಿ. ಬಸ್ ಸ್ಟ್ಯಾಂಡಿಂದ ಬರೀ ಡ್ರಾಪ್‌ಗೆ ಅಂತ ಆಟೋ ಮಾಡ್ಕೊಂಡ್ರೆ ಸಾಕು, ನಡೆಯೋರು ಆರಾಮಾಗಿ ಅರ್ಧ ಗಂಟೆಲಿ ನಡೀಬಹುದು. ತೋಟದಲ್ಲಿ ನಾವು, ನೀರು ಬಿಡ್ತಿದ್ದ ಇಬ್ಬರು ಕೆಲಸದೋರು, ಅಷ್ಟೇ. ಪೈಪಿನ ನೀರು ಹುಲ್ಲಿಗೆ ಬೀಳೋ ಸದ್ದು ಗೇಟ್ ತನಕ ಕೇಳ್ತಿತ್ತು.

ಒಂದು ವಿಷ್ಯ ಮೊದಲೇ ಹೇಳ್ಬಿಡ್ತೀನಿ, ದೂರದಿಂದ ನೋಡಿದ್ರೆ ಇದೇನಾ ಅರಮನೆ ಅನ್ಸುತ್ತೆ. ಸುತ್ತಲೂ ಹಸಿರು ಪರದೆ ಇಳಿಬಿಟ್ಟಿದ್ದಾರೆ, ಬಿಸಿಲು ಬಿದ್ದು ಚಿತ್ರ ಹಾಳಾಗ್ದೇ ಇರ್ಲಿ ಅಂತ. ಆ ಪರದೆ ದಾಟಿ ಒಳಗೆ ಕಾಲಿಟ್ರೆ ಗೋಡೆ, ಕಂಬ, ಕಮಾನು ಎಲ್ಲಾ ಕಡೆ ಬಣ್ಣ, ಹೂವು ಬಳ್ಳಿ ಬರೀದೇ ಬಿಟ್ಟ ಜಾಗನೇ ಇಲ್ಲ. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ, ತೇಗದ ಮರದ್ದು.

ಪಶ್ಚಿಮದ ಗೋಡೆ ಮೇಲಿನ ಯುದ್ಧದ ಚಿತ್ರಕ್ಕೆ ಕಮ್ಮಿ ಅಂದ್ರೂ ಅರ್ಧ ಗಂಟೆ ಕೊಡಿ. 1780ರಲ್ಲಿ ಕಾಂಚೀಪುರದ ಹತ್ರ ಪೊಳ್ಳಿಲೂರಲ್ಲಿ ಹೈದರ್ ಮತ್ತೆ ಟಿಪ್ಪು ಸೇರಿ ಇಂಗ್ಲಿಷರ ಕರ್ನಲ್ ಬೈಲಿ ಸೈನ್ಯನ ಸೋಲಿಸಿದ ಯುದ್ಧ ಅದು. ಇಂಗ್ಲಿಷರ ಸಿಪಾಯಿಗಳು ಚೌಕವಾಗಿ ಒತ್ತೊತ್ತಾಗಿ ನಿಂತಿದ್ದಾರೆ, ಸುತ್ತ ನಾಲ್ಕೂ ಕಡೆಯಿಂದ ಕುದುರೆ ನುಗ್ತಿದೆ, ನಡುವೆ ಗಾಯ ಆಗಿರೋ ಬೈಲಿ ಪಲ್ಲಕ್ಕಿಲಿ ಕೂತಿದ್ದಾನೆ, ಅವರ ಮದ್ದಿನ ಗಾಡಿ ಸಿಡೀತಿರೋದನ್ನೂ ಬರೆದಿದ್ದಾರೆ. ಅಪ್ಪ ಮಂಡಿ ನೋವು ಮರೆತು ಆ ಗಾಡಿ ಎಲ್ಲಿದೆ ಅಂತ ಹುಡುಕ್ತಾ ನಿಂತಿದ್ರು, ಸಿಕ್ಕಾಗ 'ನೋಡೋ ಇಲ್ಲಿ' ಅಂತ ಜೋರಾಗೇ ಕೂಗಿದ್ರು. 1799ರಲ್ಲಿ ಪಟ್ಟಣ ಇಂಗ್ಲಿಷರ ಕೈಗೆ ಬಿದ್ದ ಮೇಲೆ ಇದೇ ಮನೆಲಿ ಆರ್ಥರ್ ವೆಲ್ಲೆಸ್ಲಿ ವಾಸ ಮಾಡ್ದ, ಮುಂದೆ ವಾಟರ್‌ಲೂಲಿ ನೆಪೋಲಿಯನ್‌ನ ಸೋಲಿಸಿದವನು. ತಮ್ಮವರೇ ಸೋತ ಚಿತ್ರದ ಪಕ್ಕ ದಿನಾ ಓಡಾಡ್ಕೊಂಡಿದ್ದ ಅನ್ನೋದು ನನಗೆ ತುಂಬಾ ಹೊತ್ತು ತಲೇಲಿ ಕೂತಿತ್ತು. ಮಧ್ಯೆ ಸುಣ್ಣ ಹೊಡೆದು ಮುಚ್ಚಿದ್ದ ಆ ಚಿತ್ರನ ಆಮೇಲೆ ಗವರ್ನರ್ ಜನರಲ್ ಡಾಲ್‌ಹೌಸಿ ಮತ್ತೆ ಬರೆಸಿದ. ಒಳಗೆ ಫೋಟೋ ತೆಗೆಯೋ ಹಂಗಿಲ್ಲ, ಅದೇ ಒಳ್ಳೇದು, ಜನ ನಿಂತು ನೋಡ್ತಾರೆ. ಮ್ಯೂಸಿಯಂ ಭಾಗ ಬೇಗ ಮುಗಿಸಿದ್ವಿ.

ಆಮೇಲೆ ಹೊರಗೆ ಮರದ ನೆರಳಲ್ಲಿ ಕೂತ್ವಿ, ಒಂದು ಗಂಟೆ ಮೇಲೇ ಆಗಿರ್ಬೇಕು. ಜನ ಜಾತ್ರೆ ಇಷ್ಟ ಪಡೋರಿಗೆ ಇಲ್ಲಿ ಏನೂ ಇಲ್ಲ, ನನ್ನಂಥೋರಿಗೆ ಇಷ್ಟೇ ಬೇಕಾಗಿರೋದು. ಶನಿವಾರ ಭಾನುವಾರ ಮಾತ್ರ ರಜೆ ಸಿಗೋರು ಬೆಳಿಗ್ಗೆ ಮೊದಲನೇ ಒಂದು ಗಂಟೆಲೇ ನೋಡಿ ಮುಗಿಸಿ, ಹತ್ತೂವರೆ ಮೇಲೆ ಟೂರ್ ಬಸ್ ಶುರು.

ಊಟ ಅಂದ್ರೆ ಆವತ್ತಿಂದೇ ಊಟ. ಗಂಜಾಂ ಕಡೆ ಹೋಗೋ ದಾರೀಲಿ ಶೀಟ್ ಹಾಕಿರೋ ಒಂದು ಮನೆ ಮುಂದೆ ನಾಲ್ಕು ಟೇಬಲ್ಲು, ಬೋರ್ಡೂ ಇಲ್ಲ. ಬಿಸಿ ಮುದ್ದೆ, ಸೊಪ್ಪು ಕಾಳಿನ ಉಪ್ಸಾರು, ಒರಳಲ್ಲಿ ಅರೆದ ಖಾರ, ಅನ್ನ, ಮಜ್ಜಿಗೆ, 60 ರೂಪಾಯಿ. ಉಪ್ಸಾರಿಗೆ ಖಾರನ ನಾವೇ ಬೇಕಾದಷ್ಟು ಕಲಸ್ಕೋಬೇಕು, ನಾನು ಉಂಡೆಯಷ್ಟು ತಗೊಂಡಿದ್ದು ನೋಡಿ ಬಡಿಸ್ತಿದ್ದ ಅಜ್ಜಿ 'ಅಷ್ಟೊಂದ್ ಹಾಕಬ್ಯಾಡ ಕಣ್ ಮಗ, ತಡೆಯಕಾಗಕಿಲ್ಲ' ಅಂದ್ರು. ಬೆಳ್ಳುಳ್ಳಿ ಜೀರಿಗೆ ಘಮ ಕೈಯಲ್ಲಿ ಸಂಜೆ ತನಕ ಇತ್ತು. ಅಪ್ಪ ಎರಡು ಮುದ್ದೆ ಉಂಡ್ರು, ಮನೇಲಿ ಒಂದೂ ಪೂರ್ತಿ ಉಣ್ಣಲ್ಲ. ಎರಡನೇ ಮುದ್ದೆಗೆ ದುಡ್ಡೇ ತಗೊಳ್ಲಿಲ್ಲ ಅಜ್ಜಿ. ಹಿಂದಿನ ಸಲ ಆಟೋದವನು ನಿಲ್ಲಿಸಿದ ಹೋಟೆಲಲ್ಲಿ ಇಬ್ಬರಿಗೆ 480 ಆಗಿತ್ತು, ತಣ್ಣಗಿನ ಚಪಾತಿಗೆ.

ಊಟ ಆದ್ಮೇಲೆ ಗುಂಬಜ್‌ಗೆ ಹೋದ್ವಿ, ಹೈದರ್, ಟಿಪ್ಪು ಇಬ್ಬರ ಸಮಾಧಿನೂ ಅಲ್ಲೇ, ಸುತ್ತ 36 ಕರಿಕಲ್ಲಿನ ಕಂಬ. ಅಲ್ಲಿ ಚಪ್ಪಲಿ ಬಿಟ್ಟು ಹೋಗ್ಬೇಕು, ಮಧ್ಯಾಹ್ನ ಕಲ್ಲು ಕೆಂಡದ ಥರ ಕಾದಿತ್ತು, ಅಪ್ಪನ ಕಾಲಲ್ಲಿ ಬೊಬ್ಬೆ ಬಂತು. ವಯಸ್ಸಾದೋರನ್ನ ಕರ್ಕೊಂಡು ಹೋಗೋರು ಬ್ಯಾಗಲ್ಲಿ ಒಂದು ಜೊತೆ ಸಾಕ್ಸ್ ಇಟ್ಕೊಳಿ, ಇಲ್ಲಾಂದ್ರೆ ನಾಲ್ಕು ಗಂಟೆ ಮೇಲೆ ಹೋಗಿ.