ಎಲ್ಮ್ ತೊಗಟೆ, ಬರ್ಚ್ ತೊಗಟೆ

ಇರೊಕ್ವಾಯ್‌ಗಳು ರೈತರು, ಆಲ್ಗಾಂಕ್ವಿಯನ್ನರು ಬೇಟೆಗಾರರು. ಉತ್ತರ ಅಮೆರಿಕದ ಮೂಲನಿವಾಸಿಗಳ ಬಗ್ಗೆ ಶಾಲೆ ಪುಸ್ತಕದ ಈ ಒಂದು ಸಾಲು ಅರ್ಧ ನಿಜ, ಅರ್ಧ ತಪ್ಪು. ಮೊದಲನೆಯದಾಗಿ, ಎರಡು ಹೆಸರೂ ಒಂದೇ ತಕ್ಕಡಿಯವಲ್ಲ. ಆಲ್ಗಾಂಕ್ವಿಯನ್ ಎಂದರೆ ಭಾಷಾ ಕುಟುಂಬ. ಅಟ್ಲಾಂಟಿಕ್ ಕರಾವಳಿಯ ಮಿಕ್ಮಾಕ್, ಲೆನಾಪೆಯಿಂದ ಹಿಡಿದು ದೊಡ್ಡ ಸರೋವರಗಳ ಓಜಿಬ್ವೆ, ಉತ್ತರದ ಕ್ರೀ ತನಕ ಎಲ್ಲರೂ ಅದರೊಳಗೆ. 'ದ್ರಾವಿಡರ ಮನೆ ಹೇಗಿರುತ್ತೆ?' ಅಂತ ಕೇಳಿದರೆ ನಾವು ತುಳುನಾಡಿನ ಹೆಂಚಿನ ಮನೆ ತೋರಿಸಬೇಕೋ, ಪಾವಗಡದ ಮಾಳಿಗೆ ಮನೆ ತೋರಿಸಬೇಕೋ? ಇರೊಕ್ವಾಯ್ ಅನ್ನುವುದು ಸಾಮಾನ್ಯವಾಗಿ ಒಂದು ಒಕ್ಕೂಟದ ಹೆಸರು: ಈಗಿನ ನ್ಯೂಯಾರ್ಕ್ ರಾಜ್ಯದ ಮೋಹಾಕ್, ಒನೈಡ, ಆನಂಡಾಗ, ಕಯೂಗ, ಸೆನೆಕ, 1722ರ ಸುಮಾರಿಗೆ ಸೇರಿದ ಟಸ್ಕರೋರ. ಅವರು ತಮ್ಮನ್ನು ಕರೆದುಕೊಳ್ಳುವುದು ಹೊಡೆನೊಶೋನಿ ಎಂದು, ಅಂದರೆ ಉದ್ದಮನೆಯ ಜನ.

ಹೊಲದಿಂದ ಶುರು ಮಾಡೋಣ, ಅಕ್ಕಡಿ ಸಾಲು ಗೊತ್ತಿರುವ ನಮಗೆ ಅದೇ ಹತ್ತಿರ. ಕೋಲಾರದ ರಾಗಿ ಹೊಲದಲ್ಲಿ ಅವರೆ, ಪಾವಗಡದ ಕಡಲೆಕಾಯಿ ನಡುವೆ ತೊಗರಿ ಇರುವ ಹಾಗೆ, ಇರೊಕ್ವಾಯ್ ಹೆಂಗಸರು ಮುಸುಕಿನ ಜೋಳ, ಬೀನ್ಸ್, ಕುಂಬಳ ಮೂರನ್ನೂ ಕೂಡಿಸಿ ಬೆಳೆದರು. ಆದರೆ ಅವರಿಗೆ ಎತ್ತಿರಲಿಲ್ಲ, ನೇಗಿಲಿರಲಿಲ್ಲ, ಕೂರಿಗೆಯಿರಲಿಲ್ಲ. ಹಾಗಾಗಿ ಸಾಲಿನ ಬದಲು ಗುಡ್ಡೆ. ಒಂದಡಿ ಎತ್ತರದ ಮಣ್ಣಿನ ಗುಡ್ಡೆ, ಗುಡ್ಡೆಯಿಂದ ಗುಡ್ಡೆಗೆ 3–4 ಅಡಿ, ಒಂದೊಂದರಲ್ಲಿ 4–5 ಕಾಳು ಜೋಳ. ಪೈರು ಗೇಣುದ್ದ ಬಂದ ಮೇಲೆ ಬುಡಕ್ಕೆ ಮಣ್ಣು ಏರಿಸಿ ಬೀನ್ಸ್, ಆಮೇಲೆ ಕುಂಬಳ. ಈ ಕ್ರಮ ತಪ್ಪಿದರೆ ಕೆಟ್ಟಿತು. ಬೀನ್ಸನ್ನು ಜೋಳದ ಜೊತೆಗೇ ಊರಿದರೆ ಬಳ್ಳಿ ಎಳೆ ದಂಟನ್ನು ಸುತ್ತಿ ನೆಲಕ್ಕೆ ಕೆಡವುತ್ತದೆ. ಕುಂಬಳದ ಅಗಲ ಎಲೆ ನೆರಳು ಕೊಟ್ಟು ಕಳೆ ತಡೆಯುತ್ತದೆ, ತೇವ ಹಿಡಿಯುತ್ತದೆ. ಬೀನ್ಸ್ ಬೇರಿನ ಸಾರಜನಕ ಆ ವರ್ಷವೇ ಜೋಳಕ್ಕೆ ಭರಪೂರ ಸಿಗುತ್ತದೆ ಅನ್ನುವುದು ಮಾತ್ರ ಉತ್ಪ್ರೇಕ್ಷೆ. ಬೇರು, ಸೊಪ್ಪು ಕೊಳೆತ ಮೇಲೆ ಅದರ ಹೆಚ್ಚು ಪಾಲು ಮುಂದಿನ ಬೆಳೆಗೆ. ನಮ್ಮ ಅವರೆಯದೂ ಅದೇ ಲೆಕ್ಕ.

ಅಡುಗೆ ಇನ್ನೂ ಜಾಣತನದ್ದು. ಒಣ ಜೋಳವನ್ನು ಗಟ್ಟಿ ಮರದ ಜರಡಿ ಹಿಡಿದ ಬೂದಿಯ ನೀರಲ್ಲಿ ಕುದಿಸಿ, ಸಿಪ್ಪೆ ಬಿಟ್ಟ ಮೇಲೆ ಸಂದಿಯಿರುವ ಬುಟ್ಟಿಗೆ ಸುರಿದು ಹಲವು ನೀರಲ್ಲಿ ಉಜ್ಜಿ ತೊಳೆಯುತ್ತಾರೆ. ತೊಳೆದದ್ದು ಸಾಲದಿದ್ದರೆ ಸೋಪಿನ ರುಚಿ, ಕುದಿ ಜಾಸ್ತಿಯಾದರೆ ಕಾಳು ಅಂಬಲಿ. ಬೂದಿಯ ಕ್ಷಾರ ಜೋಳದೊಳಗೆ ಕಟ್ಟಿಕೊಂಡಿರುವ ನಯಾಸಿನ್ ಜೀವಸತ್ವವನ್ನು ಬಿಡಿಸುತ್ತದೆ. ಜೋಳವನ್ನು ಒಯ್ದು ಬೂದಿಯನ್ನು ಬಿಟ್ಟ ಯುರೋಪಿನಲ್ಲಿ, ಜೋಳವೇ ಗತಿಯಾಗಿದ್ದ ಬಡವರಿಗೆ ನಯಾಸಿನ್ ಕೊರತೆಯ ಪೆಲಾಗ್ರ ರೋಗ ಬಂತು. ಗೌರಿಬಿದನೂರಿನ ಕಡೆ ಅಷ್ಟೊಂದು ಮುಸುಕಿನ ಜೋಳ ಬೆಳೆದರೂ ಅದು ನಮ್ಮ ಮುಖ್ಯ ಊಟವಲ್ಲ, ಅದಕ್ಕೇ ನಮಗೆ ಬೂದಿ ಬೇಕಾಗಲಿಲ್ಲ.

ಜೋಳಕ್ಕೆ ಮಂಜು ಹೆಪ್ಪುಗಟ್ಟದ ಸುಮಾರು 120 ದಿನ ಬೇಕು. ಅಷ್ಟು ದಿನ ಸಿಗುವ ಕಡೆ ಆಲ್ಗಾಂಕ್ವಿಯನ್ನರೂ ರೈತರೇ: ಲೆನಾಪೆ, ವಾಂಪನೋಗ್ ಹೊಲದಲ್ಲೂ ಇದೇ ಮೂರು ಬೆಳೆ. ಉತ್ತರಕ್ಕೆ ಹೋದಂತೆ ದಿನ ಸಾಲದು. ಅಲ್ಲಿ ಬೇಸಿಗೆಯಲ್ಲಿ ಮೀನಿರುವ ಕಡೆ ಜನ ಕೂಡುತ್ತಿದ್ದರು, ಚಳಿಗಾಲದಲ್ಲಿ ನಾಲ್ಕಾರು ಮನೆಯವರಾಗಿ ಚದುರಿ ಮೂಸ್ (ದೊಡ್ಡ ಜಿಂಕೆ ಜಾತಿ), ಬೀವರ್ (ನೀರಲ್ಲಿರುವ ತುಪ್ಪಳದ ಪ್ರಾಣಿ) ಹುಡುಕುತ್ತಿದ್ದರು. ಒಂದೇ ಕಾಡಿಗೆ ಹೆಚ್ಚು ಬಾಯಿ ಬಿದ್ದರೆ ಬೇಟೆ ಮುಗಿಯುತ್ತದೆ, ಅದಕ್ಕೇ ಈ ಚದುರುವಿಕೆ. ಓಜಿಬ್ವೆಗಳು ವಸಂತಕ್ಕೆ ಮೇಪಲ್ ಮರದ ಸಿಹಿ ರಸ ಕಾಯಿಸುತ್ತಾರೆ (40 ಲೀಟರ್ ರಸ ಬತ್ತಿದರೆ 1 ಲೀಟರ್ ಪಾಕ, ನಮ್ಮ ಆಲೆಮನೆಯವರು ಕೇಳಿದರೆ ತಲೆ ಚಚ್ಚಿಕೊಂಡಾರು), ಬೇಸಿಗೆ ಕೊನೆಗೆ ದೋಣಿಯಿಂದಲೇ ಕಾಡುಭತ್ತವನ್ನು ಕೋಲಿನಲ್ಲಿ ಬಾಗಿಸಿ ಬಡಿದು ಉದುರಿಸಿಕೊಳ್ಳುತ್ತಾರೆ.

ಈಗ ಮನೆ. ಅಲ್ಲಿ ಎಲ್ಲಾ ತೊಗಟೆಯ ಮೇಲೆ ನಿಂತಿತ್ತು. ಇರೊಕ್ವಾಯ್ ಸೀಮೆಯಲ್ಲಿ ಕೈಗೆ ಸಿಗುತ್ತಿದ್ದುದು ಎಲ್ಮ್ ಮರ. ವಸಂತದಲ್ಲಿ ರಸ ಏರುವಾಗ ಸುಲಿದರೆ ಹಾಳೆ ಇಡಿಯಾಗಿ ಬಿಡುತ್ತದೆ, ತಡವಾದರೆ ಮರಕ್ಕೆ ಅಂಟಿಕೊಂಡು ಸೀಳುತ್ತದೆ. ಸುಲಿದದ್ದನ್ನು ಹಸಿಯಲ್ಲೇ ಭಾರ ಹೇರಿ ಒಣಗಿಸಬೇಕು, ಇಲ್ಲದಿದ್ದರೆ ಸುರುಳಿ. ಕಂಬಗಳಿಗೆ ಈ ಹಲಗೆಗಳನ್ನು ನಾರಿನಲ್ಲಿ ಕಟ್ಟಿದರೆ ಸುಮಾರು 6 ಮೀಟರ್ ಅಗಲದ, 60 ಮೀಟರ್ ತನಕವೂ ಹೋಗುವ ಉದ್ದಮನೆ. ನಡುವಿನ ಓಣಿಯಲ್ಲಿ ಒಲೆಗಳ ಸಾಲು, ಒಂದೊಂದು ಒಲೆಗೆ ಎದುರುಬದುರು ಎರಡು ಸಂಸಾರ. ಮನೆ ಹೆಂಗಸರದು, ಗಂಡನೇ ಹೆಂಡತಿ ಮನೆಗೆ ಬರಬೇಕಿತ್ತು. ಮುಖಂಡನನ್ನು ಆರಿಸುವವಳೂ ಇಳಿಸುವವಳೂ ಕುಲದ ಹಿರಿಯ ತಾಯಿ. ಆದರೂ ಊರು ಶಾಶ್ವತವಾಗಿರಲಿಲ್ಲ. 10–20 ವರ್ಷಕ್ಕೆ ಮಣ್ಣು ಸೊರಗಿ, ಸೌದೆ ದೂರವಾಗಿ, ಎಲ್ಲರೂ ಹೊಸ ಜಾಗಕ್ಕೆ. ಅಲ್ಲಿ ಗಂಡಸರು ಮರದ ಸುತ್ತ ತೊಗಟೆ ಕಿತ್ತು ಒಣಗಿಸಿ, ಸುಟ್ಟು ಹೊಲ ಬಿಡಿಸುತ್ತಿದ್ದರು. ತಾಯಿಕಡೆ ಕುಲ ಇವರ ಗುತ್ತಿಗೆಯೇನಲ್ಲ, ಲೆನಾಪೆಗಳದೂ ಅದೇ. ಓಜಿಬ್ವೆ ಕುಲ ಮಾತ್ರ ತಂದೆಯ ಕಡೆಯಿಂದ.

ಉತ್ತರದವರಿಗೆ ಬರ್ಚ್ ಮರದ ತೊಗಟೆ ಸಿಕ್ಕಿತು. ಹಗುರ, ಸುತ್ತಿ ಬೆನ್ನಿಗೆ ಹೊರಬಹುದು. ಬಾಗಿಸಿದ ಕೋಲುಗಳ ಮೇಲೆ ಸುರುಳಿ ಬಿಚ್ಚಿದರೆ ವಿಗ್ವಾಮ್ ಎಂಬ ಗುಡಿಸಲು ಒಂದು ದಿನದೊಳಗೆ ಎದ್ದು ನಿಲ್ಲುತ್ತದೆ. ದೋಣಿಯಲ್ಲಿ ಬಿಳಿ ಹೊರಮೈಯನ್ನು ಒಳಗೆ ತಿರುಗಿಸಿ, ಸ್ಪ್ರೂಸ್ ಮರದ ಬೇರಿನಿಂದ ಹೊಲಿದು, ಸೀಡರ್ ಮರದ ಪಟ್ಟಿಗಳನ್ನು ಬಿಸಿನೀರಲ್ಲಿ ಬಾಗಿಸಿ ಪಕ್ಕೆಲುಬು ಕೊಡುತ್ತಾರೆ. ಹೊಲಿಗೆಗೆ ಸ್ಪ್ರೂಸ್ ಅಂಟು, ಕೊಬ್ಬು, ಇದ್ದಿಲ ಪುಡಿ. ಕೊಬ್ಬು ಕಡಿಮೆಯಾದರೆ ತಣ್ಣೀರಲ್ಲಿ ಅಂಟು ಬಿರಿಯುತ್ತದೆ, ಹೆಚ್ಚಾದರೆ ಬಿಸಿಲಿಗೆ ಇಳಿಯುತ್ತದೆ. ಎಲ್ಮ್ ದೋಣಿ ಬೇಗ ಆಗುತ್ತದೆ, ಆದರೆ ಒರಟು, ಭಾರ. ನೀರು ಕುಡಿದ ಮೇಲೆ ಬಿಟ್ಟು ಹೋಗುವುದೇ.

ಇರೊಕ್ವಾಯ್ ನುಡಿಯ ತಂಗಿ ನುಡಿಯಾಡುತ್ತಿದ್ದ ಹ್ಯೂರಾನರು ಉದ್ದಮನೆಯಲ್ಲಿದ್ದು ಅದೇ ಜೋಳ ಬೆಳೆದರೂ ಆಗಿನ್ನೂ ಐದೇ ಜನಾಂಗವಿದ್ದ ಇರೊಕ್ವಾಯ್ ಒಕ್ಕೂಟದ ಹೊರಗಿದ್ದರು. 1609ರಲ್ಲಿ ಫ್ರೆಂಚ್ ಅನ್ವೇಷಕ ಶಾಂಪ್ಲೇನ್ ಕೋವಿ ಹಿಡಿದು ಮೋಹಾಕರ ಮೇಲೆ ಹೋದಾಗ ಅವನ ಜೊತೆ ಆಲ್ಗಾಂಕ್ವಿಯನ್ ಕುಟುಂಬದ ಒಂದು ಜನವಾದ ಆಲ್ಗಾಂಕ್ವಿನ್ನರಷ್ಟೇ ಅಲ್ಲ, ಈ ಹ್ಯೂರಾನರೂ ಇದ್ದರು. ಚಳಿಗಾಲಕ್ಕೆ ಉತ್ತರದವರು ತುಪ್ಪಳ, ಒಣಮೀನು ಹೊತ್ತು ಹ್ಯೂರಾನರ ಊರ ಪಕ್ಕ ಬೀಡುಬಿಟ್ಟು, ಜೋಳ ತುಂಬಿಕೊಂಡು ಹೋಗುತ್ತಿದ್ದರು.