ಹಕ್ಕಿಗೆ ನೀರಿಡುವುದು ಬೇಸಿಗೆಯಲ್ಲಲ್ಲವೇ, ಚಳಿಗಾಲದಲ್ಲೇಕೆ?

ಹಿತ್ತಲ ಹಕ್ಕಿಗಳ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಬೇಸಿಗೆಯಲ್ಲಿ ನೀರಿಡುವುದು ಸರಿ, ಚಳಿಗಾಲದಲ್ಲಿ ಕಾಳು ಹಾಕಿದರೆ ಸಾಲದೇ?" ಸಾಲದು. ವಲಸೆ ಹಕ್ಕಿಗಳನ್ನು ಮನೆಯ ಹಿಂದೆಯೇ ನೋಡುವ ಆಸೆಯಿದ್ದರೆ ಕಾಳು ಮರೆತುಬಿಡಿ, ಮಳೆ ನಿಂತ ಮರುದಿನದಿಂದಲೇ ನೀರಿಡಿ.

ಕಾಳಿಗೆ ಮುತ್ತುವುದು ಮುಖ್ಯವಾಗಿ ಪಾರಿವಾಳ. ದಕ್ಷಿಣ ಭಾರತದ ತೋಟಗಳಿಗೆ ಚಳಿಗಾಲದಲ್ಲಿ ಬರುವ ಹಸಿರು ಉಲಿಯಕ್ಕಿ, ನವರಂಗ, ರಾಜಹಕ್ಕಿ ಎಲ್ಲವೂ ಹುಳು ಹಿಡಿದು ತಿನ್ನುವವು. ಕಾಳಿನತ್ತ ತಿರುಗಿಯೂ ನೋಡುವುದಿಲ್ಲ. ಆದರೆ ಸ್ನಾನ ಎಲ್ಲಕ್ಕೂ ಬೇಕು. ಗರಿಯಲ್ಲಿ ಧೂಳು ಕೂತರೆ ಅದರ ಎಳೆಗಳು ಸರಿಯಾಗಿ ಹೆಣೆದುಕೊಳ್ಳುವುದಿಲ್ಲ, ಮೈಯ ಬಿಸಿ ಹಿಡಿದಿಡುವ ಗಾಳಿಯ ಪದರ ನಿಲ್ಲುವುದಿಲ್ಲ. ಏಳೆಂಟು ಗ್ರಾಂ ತೂಗುವ ಉಲಿಯಕ್ಕಿ ಚಳಿ ಕಳೆದ ಮೇಲೆ ಮತ್ತೆ ಹಿಮಾಲಯದ ಕಡೆ ಹಾರಬೇಕು. ಡಿಸೆಂಬರಿನಿಂದ ಫೆಬ್ರವರಿವರೆಗೆ ಹೆಚ್ಚಿನ ಕಡೆ ಮಳೆ ಅಪರೂಪ, ಎಲೆಯ ಮೇಲೆ ನಿಂತ ನೀರೂ ಅಷ್ಟಾಗಿ ಸಿಗುವುದಿಲ್ಲ. ನಿಮ್ಮ ತಟ್ಟೆಗೆ ಬೆಲೆ ಬರುವುದು ಆಗ.

"ತಟ್ಟೆ ಇಟ್ಟಿದ್ದೇವೆ, ಕಾಗೆ ಬಿಟ್ಟು ಬೇರೇನೂ ಬರಲ್ಲ" ಎನ್ನುವವರ ತಟ್ಟೆ ನೋಡಿದರೆ ತಪ್ಪು ಹೆಚ್ಚಾಗಿ ಆಳದಲ್ಲೇ ಇರುತ್ತದೆ. ಸಣ್ಣ ಹಕ್ಕಿಗೆ 1ರಿಂದ 3 ಸೆಂ.ಮೀ. ನೀರು ಸಾಕು; 5 ಸೆಂ.ಮೀ. ದಾಟಿದರೆ ಇಳಿಯಲು ಹೆದರುತ್ತದೆ. 30–40 ಸೆಂ.ಮೀ. ಅಗಲದ, ಹೂಕುಂಡದ ಅಡಿಗಿಡುವ ಮಣ್ಣಿನ ತಟ್ಟೆ ಒಳ್ಳೆಯದು. ಸ್ಟೀಲು, ಪಿಂಗಾಣಿ ಬೇಡ, ಕಾಲು ಜಾರುತ್ತದೆ. ಒಂದು ಬದಿಗೆ ಚಪ್ಪಟೆ ಕಲ್ಲು ಇಟ್ಟು ಇಳಿಜಾರು ಮಾಡಿ. ಹಕ್ಕಿ ಮೊದಲು ಕಲ್ಲಿನ ಮೇಲೆ ನಿಂತು ಕೊಕ್ಕು ಅದ್ದುತ್ತದೆ, ಎದೆ ತೋಯಿಸಿಕೊಳ್ಳುತ್ತದೆ, ಧೈರ್ಯ ಬಂದ ಮೇಲೆಯೇ ಪೂರ್ತಿ ಇಳಿದು ರೆಕ್ಕೆ ಬಡಿಯುತ್ತದೆ.

ನಿಂತ ನೀರಿಗಿಂತ ತೊಟ್ಟಿಕ್ಕುವ ನೀರು ಎಷ್ಟೋ ಮೇಲು. ಎಲೆಯ ಮರೆಯಲ್ಲಿರುವ ಹಕ್ಕಿಗೆ ತಟ್ಟೆ ಕಾಣದಿದ್ದರೂ ಟಪ್ ಟಪ್ ಸದ್ದು ಕೇಳಿಸುತ್ತದೆ. 2 ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಕಾಯಿಸಿದ ಸೂಜಿಯಿಂದ ತೂತು ಮಾಡಿ, ಹತ್ತಿಯ ದಾರ ತೂರಿಸಿ, ತಟ್ಟೆಯಿಂದ ಒಂದು ಮೀಟರ್ ಮೇಲೆ ನೇತುಹಾಕಿ. ದಾರವಿಲ್ಲದಿದ್ದರೆ ನೀರು ತಳಕ್ಕೆ ಅಂಟಿಕೊಂಡು ಎಲ್ಲೆಲ್ಲೋ ಸೋರುತ್ತದೆ. ಬಹಳ ಜನ ಎಡವುವುದು ಮುಚ್ಚಳದಲ್ಲಿ: ಬಿಗಿಯಾಗಿ ತಿರುಗಿಸಿದರೆ ಒಳಗೆ ಗಾಳಿ ಹೋಗದೆ ಹನಿ ಕೆಲವೇ ನಿಮಿಷದಲ್ಲಿ ನಿಂತುಬಿಡುತ್ತದೆ. ತುಸು ಸಡಿಲಿಸಿ, ಆ ಮುಚ್ಚಳವೇ ನಿಮ್ಮ ನಲ್ಲಿ. ಸುಮಾರು 20 ಹನಿಗೆ ಒಂದು ಮಿಲಿಲೀಟರ್. ಸೆಕೆಂಡಿಗೊಂದು ಹನಿಯಂತೆ ಬಾಟಲಿ 11 ಗಂಟೆ ಬರುತ್ತದೆ, ಬೆಳಿಗ್ಗೆ ತುಂಬಿಸಿದರೆ ಸಂಜೆವರೆಗೆ ಚಿಂತೆಯಿಲ್ಲ. ನೆರಳಲ್ಲಿ ಕಟ್ಟಿ. ಬಿಸಿಲಿಗೆ ಪಾಚಿ ಬೆಳೆದು ತೂತು ಕಟ್ಟಿಕೊಳ್ಳುತ್ತದೆ.

ತಟ್ಟೆಯಿಂದ ಎರಡು ಮೂರು ಮೀಟರ್ ದೂರದಲ್ಲಿ ಪೊದೆಯೋ ಗಿಡವೋ ಇರಲಿ. ಮೈ ಒದ್ದೆಯಾದ ಹಕ್ಕಿ ಸರಿಯಾಗಿ ಹಾರಲಾರದು, ಪಕ್ಕದಲ್ಲೇ ಕೂತು ಒಣಗಿಸಿಕೊಳ್ಳಬೇಕು. ಪೊದೆಗೆ ಒತ್ತಿಯೇ ಇಟ್ಟರೆ ಬೆಕ್ಕು ಅಲ್ಲೇ ಹೊಂಚು ಹಾಕುತ್ತದೆ. ಬೆಕ್ಕುಗಳ ಕಾಟವಿದ್ದರೆ ತಟ್ಟೆಯನ್ನು ಒಂದು ಮೀಟರ್ ಎತ್ತರದ ಕಂಬದ ಮೇಲಿಡಿ. ಇಲ್ಲದಿದ್ದರೆ ನೆಲವೇ ಚೆನ್ನ, ಏಕೆಂದರೆ ನವರಂಗ ನೆಲದ ಹಕ್ಕಿ. ಮರದಡಿಯ ತರಗೆಲೆ ಗುಡಿಸದೆ ಬಿಟ್ಟರೆ ಅದನ್ನು ಕೆದಕಿ ಹುಳು ಹುಡುಕುತ್ತಾ ಅಲ್ಲೇ ಓಡಾಡಿಕೊಂಡಿರುತ್ತದೆ. ಮುಂಜಾನೆ, ಮುಸ್ಸಂಜೆ ಅದರ ಎರಡು ಸ್ವರದ ಸಿಳ್ಳೆ ಕೇಳಿಸಬಹುದು; ತಮಿಳಿನಲ್ಲಿ ಅದಕ್ಕೆ ಆರು ಗಂಟೆಯ ಹಕ್ಕಿ ಎಂಬ ಹೆಸರೇ ಇದೆ.

ಸೊಳ್ಳೆಯ ಭಯ ನ್ಯಾಯವಾದದ್ದೇ. ಬರೀ ನೀರು ಚೆಲ್ಲಿ ತುಂಬಿಸಿದರೆ ಆಗದು: ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಮಟ್ಟಕ್ಕಿಂತ ಚೂರು ಮೇಲೆ, ಅಂಚಿಗೆ ಅಂಟಿಸಿ. ಅವು ಒಣಗಿಯೂ ತಿಂಗಳುಗಟ್ಟಲೆ ಬದುಕುತ್ತವೆ. ಎರಡು ದಿನಕ್ಕೊಮ್ಮೆ ತೆಂಗಿನ ನಾರಿನಿಂದ ಅಂಚನ್ನು ಗಸಗಸ ಉಜ್ಜಿ. ಸೋಪು ಬೇಡ, ಗರಿಯ ಎಣ್ಣೆ ಹೋಗುತ್ತದೆ.

ನೋಡುವ ಹೊತ್ತು ಮಧ್ಯಾಹ್ನ 3ರಿಂದ ಕತ್ತಲಾಗುವವರೆಗೆ. ಇದ್ದಕ್ಕಿದ್ದಂತೆ ಎಲ್ಲ ಹಕ್ಕಿಯೂ ಮೌನವಾದರೆ ತಲೆ ಎತ್ತಿ ಹುಡುಕಿ, ಹತ್ತಿರದ ಕೊಂಬೆಯಲ್ಲಿ ಬಿಜ್ಜು ಎಂಬ ಬೇಟೆ ಹಕ್ಕಿ (ಶಿಕ್ರಾ) ಕೂತಿರಬಹುದು. ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿ ಕರೆಯುವುದನ್ನು ದಯವಿಟ್ಟು ಮಾಡಬೇಡಿ. ಹೊಟ್ಟೆ ತುಂಬಿಸಿಕೊಳ್ಳಬೇಕಾದ ಹೊತ್ತನ್ನು ಹಕ್ಕಿ ಇಲ್ಲದ ಎದುರಾಳಿಯನ್ನು ಹುಡುಕುತ್ತಾ ಕಳೆಯುತ್ತದೆ.

ಕಂಡದ್ದನ್ನು ಇತರರೊಂದಿಗೆ ಹಂಚಿಕೊಳ್ಳಲು ಒಳ್ಳೆಯ ಸಮಯ ಫೆಬ್ರವರಿಯ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್. 1998ರಲ್ಲಿ ಅಮೆರಿಕದಲ್ಲಿ ಶುರುವಾದ ಈ ನಾಲ್ಕು ದಿನಗಳ ಎಣಿಕೆ ಭಾರತದಲ್ಲಿ 2013ರಿಂದ ನಡೆಯುತ್ತಿದೆ. ಕನಿಷ್ಠ 15 ನಿಮಿಷ ನೋಡಿ, ಕಂಡ ಹಕ್ಕಿಗಳ ಪಟ್ಟಿಯನ್ನು ಹಕ್ಕಿ ದಾಖಲಿಸುವ ಇಬರ್ಡ್ ಜಾಲತಾಣಕ್ಕೆ ಸೇರಿಸಬೇಕು. ಒಂದೇ ಹಕ್ಕಿ ಐದು ಸಲ ನೀರಿಗಿಳಿದರೆ ಐದು ಎಂದು ಬರೆಯಬೇಡಿ; ಒಟ್ಟಿಗೆ ಕಂಡದ್ದು ಹೆಚ್ಚೆಂದರೆ ಎಷ್ಟು, ಅಷ್ಟನ್ನೇ ಬರೆಯಿರಿ. ಕಾಗೆಯನ್ನೂ ಬಿಡದೆ.