ವಲೆನ್ಸಿಯಾದ ನೀರುಗಂಟಿಗಳು

ಹೊರಡುವ ಹಿಂದಿನ ರಾತ್ರಿ ಅವ್ವ ಸೂಟ್‌ಕೇಸಿಗೆ ರಾಗಿಹಿಟ್ಟು ತುರುಕುತ್ತಿದ್ದಳು. ಅಪ್ಪ ಬಾಗಿಲಲ್ಲೇ ನಿಂತು ಕೇಳಿದ: "ನೀರಿನ ವಿಚಾರ ಓದಕ್ಕೆ ಅಷ್ಟು ದೂರ ಹೋಗ್ಬೇಕಾ ಮಗಾ?"

ನಮ್ಮ ಜಮೀನು ಮಳವಳ್ಳಿ ಕಡೆ, ವಿ.ಸಿ. ನಾಲೆಯ ಬಾಲದಲ್ಲಿ. ಕೆ.ಆರ್.ಎಸ್‌ನಿಂದ ನೀರು ಬಿಟ್ಟರು ಅಂತ ಟಿವಿಯಲ್ಲಿ ಸುದ್ದಿ ಬಂದು ಎಷ್ಟೋ ದಿನವಾದ ಮೇಲೆ ನಮ್ಮ ತೂಬಿಗೆ ನೀರು ಬರುತ್ತದೆ. ಕೆಲವು ವರ್ಷ ಸುದ್ದಿ ಮಾತ್ರ ಬರುತ್ತದೆ.

2024ರ ಸೆಪ್ಟೆಂಬರಿನಲ್ಲಿ ವಲೆನ್ಸಿಯಾಗೆ ಬಂದೆ. ಸ್ಪೇನಿನ ಮೂರನೇ ದೊಡ್ಡ ಊರು ಇದು. ಇಲ್ಲಿನ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದಲ್ಲಿ ಜಲ ಎಂಜಿನಿಯರಿಂಗ್ ಓದುತ್ತಿದ್ದೇನೆ. ರೂಮು ಬೆನಿಮಾಕ್ಲೆತ್‌ನಲ್ಲಿ. ಒಂದು ಕಾಲಕ್ಕೆ ಅದು ಬೇರೆ ಹಳ್ಳಿ, ಊರು ಬೆಳೆಯುತ್ತಾ ನುಂಗಿಕೊಂಡಿತು. ಈಗ ಅಲ್ಲಿ ಓದುವ ಹುಡುಗರೇ ಜಾಸ್ತಿ. ರಾತ್ರಿ ಹತ್ತಕ್ಕೆ ಊಟ, ಹನ್ನೆರಡಕ್ಕೆ ಬೀದಿಯಲ್ಲಿ ಹರಟೆ. ಮಧ್ಯಾಹ್ನ ಎರಡರಿಂದ ಐದರವರೆಗೆ ಸಣ್ಣ ಅಂಗಡಿಗಳೆಲ್ಲ ಬಾಗಿಲು ಹಾಕಿಕೊಳ್ಳುತ್ತವೆ. ಮೊದಲ ತಿಂಗಳು ಎರಡು ಗಂಟೆಯ ಲೆಕ್ಕ ತಪ್ಪಿ ಎಷ್ಟು ಸಲ ಬರಿಗೈಲಿ ವಾಪಸ್ ಬಂದೆನೋ!

ಸಮುದ್ರದ ವಿಷಯ ಎಲ್ಲರೂ ಕೇಳುತ್ತಾರೆ, ಹೇಳಿಬಿಡುತ್ತೇನೆ. ಟ್ರಾಮ್ ಹತ್ತಿದರೆ ಮಲ್ವರೋಸಾ ಕಡಲತೀರ. ಮರಳು ಚೆನ್ನಾಗಿದೆ, ಜನ ವಿಪರೀತ. ಶಾಲೆಯ ಪ್ರವಾಸದಲ್ಲಿ ಉಳ್ಳಾಲದ ಅಲೆ ನೋಡಿ ಹೆದರಿ ಓಡಿದವಳು ನಾನು. ಇಲ್ಲಿಯದಕ್ಕೆ ಆ ಸಿಟ್ಟಿಲ್ಲ. ಮೆಡಿಟರೇನಿಯನ್‌ನಲ್ಲಿ ಉಬ್ಬರವಿಳಿತ ಇದ್ದೂ ಇಲ್ಲದ ಹಾಗೆ. ಹೆಚ್ಚಿನ ದಿನ ನಮ್ಮೂರ ಕೆರೆಯ ಥರ ಸುಮ್ನೆ ಮಲಗಿರುತ್ತದೆ.

ನನಗೆ ವಿಚಿತ್ರ ಅನ್ನಿಸಿದ್ದು ನದಿ. ಊರ ನಡುವೆ ಕಲ್ಲಿನ ಹಳೇ ಸೇತುವೆಗಳಿವೆ, ಕೆಳಗೆ ನೀರಿಲ್ಲ. ಕಿತ್ತಳೆ ಮರ, ಫುಟ್‌ಬಾಲ್ ಆಡುವ ಮಕ್ಕಳು, ಸೈಕಲ್ ದಾರಿ. 1957ರ ಅಕ್ಟೋಬರಿನಲ್ಲಿ ತುರಿಯಾ ನದಿ ಊರೊಳಗೆ ನುಗ್ಗಿ 80ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ನದಿಯನ್ನೇ ಊರ ದಕ್ಷಿಣಕ್ಕೆ ತಿರುಗಿಸಿದರು. ಖಾಲಿಯಾದ ಜಾಗದಲ್ಲಿ ಹೆದ್ದಾರಿ ಮಾಡುವ ಯೋಜನೆ ಇತ್ತು. ಜನ ಹಟ ಹಿಡಿದು ತೋಟ ಮಾಡಿಸಿಕೊಂಡರು. ಈಗ ಅದು ಸುಮಾರು 9 ಕಿಲೋಮೀಟರ್ ಉದ್ದದ ಪಾರ್ಕು. ಮೊದಲ ವಾರ ಅಲ್ಲಿ ನಡೆಯುತ್ತಾ, ನದಿಯೊಂದನ್ನು ಎಷ್ಟು ಸಲೀಸಾಗಿ ಎತ್ತಿ ಆಚೆ ಇಟ್ಟಿದ್ದಾರಲ್ಲ ಎಂದು ಬೆರಗುಪಟ್ಟಿದ್ದೆ.

ಬಂದು ಎರಡು ತಿಂಗಳೂ ಆಗಿರಲಿಲ್ಲ. ಅಕ್ಟೋಬರ್ 29. ನಮ್ಮ ಬೀದಿಯಲ್ಲಿ ಹೇಳಿಕೊಳ್ಳುವಂಥ ಮಳೆಯೇ ಇರಲಿಲ್ಲ. ರಾತ್ರಿ ಎಂಟು ದಾಟಿದ ಮೇಲೆ ಮನೆಯಲ್ಲಿದ್ದ ನಾಲ್ಕೂ ಫೋನು ಒಟ್ಟಿಗೆ ಕಿರುಚಿದವು, ಸರ್ಕಾರದ ಎಚ್ಚರಿಕೆ. ಮಳೆ ಸುರಿದದ್ದು ಮೇಲಿನ ಗುಡ್ಡಗಳಲ್ಲಿ. ವರ್ಷವಿಡೀ ಒಣಗಿರುವ ಹಳ್ಳ ತುಂಬಿ ಪೈಪೋರ್ತಾ, ಕತರೋಹಾದಂಥ ಊರುಗಳ ಮೇಲೆ ಬಂತು. ವಲೆನ್ಸಿಯಾ ಪ್ರಾಂತ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. 1957ರ ಮೇಲೆ ತೋಡಿದ ಹೊಸ ಪಾತ್ರದ ಉತ್ತರಕ್ಕಿದ್ದ ನಾವು ಒಣ ನೆಲದಲ್ಲಿದ್ದೆವು. ದಕ್ಷಿಣಕ್ಕಿದ್ದವರು ಮುಳುಗಿದರು.

ಕ್ಲಾಸ್ ನಿಂತವು. ಅಂಗಡಿಗಳಲ್ಲಿ ಪೊರಕೆ, ಸಲಿಕೆ ಖಾಲಿ. ನಮ್ಮ ರೂಮಿನ ಪೊರಕೆಯನ್ನೇ ಹೆಗಲ ಮೇಲಿಟ್ಟುಕೊಂಡು ಕಾಲ್ನಡಿಗೆಯ ಸೇತುವೆ ದಾಟಿದೆ. ಮುಂದೆಯೂ ಪೊರಕೆ, ಹಿಂದೆಯೂ ಪೊರಕೆ, ಜಾತ್ರೆಗೆ ಹೋದ ಹಾಗೆ ಸಾವಿರಾರು ಜನ. ಪೈಪೋರ್ತಾದಲ್ಲಿ ಒಬ್ಬ ಅಜ್ಜಿಯ ಮನೆಯ ಕೆಸರು ಎಳೆಯುವುದಕ್ಕೆ ಆರು ಜನಕ್ಕೆ ಒಂದು ದಿನ ಹಿಡಿಯಿತು. ಗದ್ದೆಯ ಕೆಸರು ಗೊತ್ತು ನನಗೆ. ಇದು ಆ ಕೆಸರಲ್ಲ. ಡೀಸೆಲ್ ವಾಸನೆ, ಒಣಗಿದರೆ ಸಿಮೆಂಟಿನಂತೆ ಗಟ್ಟಿ. ಅಜ್ಜಿ ಮಾತಾಡಲಿಲ್ಲ. ಸಂಜೆ ಎಲ್ಲಿಂದಲೋ ಒಂದು ಬಿಸ್ಕತ್ ಪೊಟ್ಟಣ ತಂದು ನಮ್ಮ ಕೈಗೆ ಇಟ್ಟಳು.

ಆಮೇಲೆ ನದಿ ಪಾರ್ಕಿನಲ್ಲಿ ನಡೆಯುವಾಗ ಆ ಬೆರಗು ವಾಪಸ್ ಬರಲಿಲ್ಲ.

ಮಾರ್ಚಿನಲ್ಲಿ ಫಾಯಾಸ್ ಹಬ್ಬ ಬಂತು. 1ರಿಂದ 19ರವರೆಗೆ ದಿನಾ ಮಧ್ಯಾಹ್ನ ಎರಡಕ್ಕೆ ನಗರಸಭೆಯ ಚೌಕದಲ್ಲಿ ಪಟಾಕಿ, ಕೊನೆಯ ರಾತ್ರಿ ಬೀದಿ ಬೀದಿಯ ದೊಡ್ಡ ಬೊಂಬೆಗಳಿಗೆ ಬೆಂಕಿ. ಪಟಾಕಿಯ ಸದ್ದು ಕಿವಿಗಿಂತ ಎದೆಗೆ ಮೊದಲು ತಾಗುತ್ತದೆ. ಒಂದು ಸಲ ಸಾಕು ನನಗೆ.

ಊಟದ್ದು ಬೇರೆಯೇ ಕತೆ. ಊರ ದಕ್ಷಿಣಕ್ಕೆ ಅಲ್ಬುಫೇರಾ ಎಂಬ ದೊಡ್ಡ ಕೊಳ, ಅದರ ಸುತ್ತ ಬತ್ತದ ಗದ್ದೆ. ಬಸ್ ಇಳಿದು ಬದುವಿನ ಮೇಲೆ ನಿಂತಾಗ ಮೂಗಿಗೆ ಬಡಿದ ವಾಸನೆ ನಮ್ಮೂರದೇ. ಭಾನುವಾರ ಮಧ್ಯಾಹ್ನ ಸ್ನೇಹಿತೆಯ ಮನೆಯಲ್ಲಿ ಪಾಯೆಯಾ ಮಾಡಿದರು. ಅಗಲ ಬಾಣಲೆ, ಕಿತ್ತಳೆ ಸೌದೆ, ಕೋಳಿ, ಮೊಲ, ಬೀನ್ಸ್. ತಟ್ಟೆಯಿಲ್ಲ, ಸುತ್ತ ಕೂತು ಅವರವರ ಪಾಲಿನ ಎದುರಿಗೆ ಚಮಚ ಹಾಕಬೇಕು. ತಳ ಹಿಡಿದ ಅನ್ನಕ್ಕೆ ಸೊಕರ್ರಾತ್ ಅಂತ ಹೆಸರು, ಅದಕ್ಕೇ ಜಗಳ. ನಮ್ಮ ಮನೆಯಲ್ಲಿ ಅನ್ನ ಹಾಗೆ ಸೀದರೆ ಅವ್ವನ ಬೈಗುಳ.

ಇನ್ನೊಂದು. ಇಲ್ಲಿ ಓರ್ಚಾತಾ ಅಂತ ಹಾಲಿನಂಥ ತಣ್ಣನೆ ಪಾನೀಯ ಕುಡಿಯುತ್ತಾರೆ. ಪಕ್ಕದ ಅಲ್ಬೊರಾಯಾದ ಹೊಲಗಳಲ್ಲಿ ಅದರ ಗೆಡ್ಡೆ ಬೆಳೆಯುತ್ತಾರೆ, ಚೂಫಾ ಎಂದು ಹೆಸರು. ಕಿತ್ತು ನೋಡಿದರೆ ಕೊನ್ನಾರಿ ಗೆಡ್ಡೆಯ ದಾಯಾದಿ! ನನ್ನ ಬಾಲ್ಯದ ರಜೆಯೆಲ್ಲ ಕೊನ್ನಾರಿ ಕೀಳುವುದರಲ್ಲೇ ಹೋಯಿತು. ಇವರು ಅದರ ತಮ್ಮನಿಗೆ ನೀರು ಕಟ್ಟಿ, ರುಬ್ಬಿ, ಸಕ್ಕರೆ ಹಾಕಿ ಮಾರುತ್ತಾರೆ. ಫೋಟೋ ಕಳಿಸಿದ ದಿನ ಅಪ್ಪ ಎರಡು ಸಲ ಫೋನು ಮಾಡಿ ನಕ್ಕ.

ಆ ಹೊಲಗಳ ನಾಲೆಗಳ ಬೆನ್ನು ಹತ್ತಿಯೇ ನಾನು ಗುರುವಾರಗಳಿಗೆ ಸಿಕ್ಕಿಬಿದ್ದದ್ದು.

ತುರಿಯಾ ನೀರು ಊರ ಸುತ್ತಲ ಹೊಲಕ್ಕೆ ಹೋಗುವುದು ಎಂಟು ಹಳೇ ನಾಲೆಗಳಲ್ಲಿ. ನಾಲೆಗೆ ಅವರು ಅಸೇಕಿಯಾ ಎನ್ನುತ್ತಾರೆ. ಅರಬರು ಬಿಟ್ಟುಹೋದ ಮಾತದು, ಅಲ್ಬುಫೇರಾ ಅನ್ನುವುದೂ ಅಷ್ಟೇ. ಪ್ರತಿ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ದೊಡ್ಡ ಚರ್ಚಿನ ಅಪೊಸ್ತಲರ ಬಾಗಿಲ ಮುಂದೆ ನೀರಿನ ನ್ಯಾಯಾಲಯ ಕೂರುತ್ತದೆ. ನಾಲೆಗೊಬ್ಬರಂತೆ ಎಂಟು ಜನ ರೈತರು, ಮೈಮೇಲೆ ಕರಿ ಅಂಗಿ. ರೈತರೇ ಆರಿಸಿದವರು. ಸ್ವಂತ ಜಮೀನು ಉಳುವವರೇ ಆಗಿರಬೇಕು. ವಕೀಲರಿಲ್ಲ, ಅರ್ಜಿಯಿಲ್ಲ, ಎಲ್ಲ ಬಾಯಿಮಾತು, ಅದೂ ವಲೆನ್ಸಿಯನ್ ಭಾಷೆಯಲ್ಲಿ. ತೀರ್ಪಿನ ಮೇಲೆ ಅಪೀಲಿಲ್ಲ. ತಕರಾರು ಯಾವ ನಾಲೆಯದೋ ಆ ನಾಲೆಯ ಪ್ರತಿನಿಧಿ ತೀರ್ಪಿನಲ್ಲಿ ಬಾಯಿ ಹಾಕುವ ಹಾಗಿಲ್ಲ. ಸಾವಿರ ವರ್ಷದ ಪದ್ಧತಿ ಎನ್ನುತ್ತಾರೆ. 2009ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು.

ಇದನ್ನೆಲ್ಲ ಹೇಳಿದಾಗ ಅಪ್ಪ, "ಓ, ನೀರುಗಂಟಿಗಳ ಪಂಚಾಯ್ತಿ" ಎಂದ. ನಮ್ಮ ಕಡೆ ಗದ್ದೆಗಳಿಗೆ ನೀರು ಹಂಚುವವನೇ ನೀರುಗಂಟಿ. ಆಮೇಲೆ ತನ್ನ ಪ್ರಶ್ನೆ: "ಬಾಲದವನಿಗೆ ಎಷ್ಟು ಕೊಡ್ತಾರೆ?"

ಮೇಷ್ಟ್ರ ಜೊತೆ ನಾಲೆ ನೋಡಲು ಹೋದಾಗ ಅದನ್ನೇ ಹುಡುಕಿದೆ. ನಾಲೆ ಒಡೆಯುವ ಕಡೆ ನೀರಿನ ನಡುವೆ ಚೂಪು ಕಲ್ಲೊಂದು ನಿಂತಿರುತ್ತದೆ. ಅದಕ್ಕೆ ನಾಲಿಗೆ ಎಂದೇ ಹೆಸರು. ಬಂದ ನೀರನ್ನು ಅದು ಗೊತ್ತಾದ ಪಾಲಿಗೆ ಸೀಳುತ್ತದೆ. ಇಷ್ಟು ಲೀಟರ್ ಅಂತ ಲೆಕ್ಕವಿಲ್ಲ, ಇಷ್ಟನೇ ಒಂದು ಪಾಲು ಅಂತ ಲೆಕ್ಕ. ನೀರು ಅರ್ಧವಾದರೆ ಎಲ್ಲರ ಪಾಲೂ ಅರ್ಧ. ಬರ ಬಂದರೆ ಸರದಿ, ನಮ್ಮ ಕಟ್ಟು ಪದ್ಧತಿಯ ಹಾಗೆ. ಕಲ್ಲಿಗೆ ಫೋನು ಮಾಡುವ ರಾಜಕಾರಣಿ ಇಲ್ಲ, ಅದೊಂದು ಅನುಕೂಲ.

ಕಳೆದ ಸೆಪ್ಟೆಂಬರಿನ ಒಂದು ಗುರುವಾರ ಅಪ್ಪನಿಗೆ ವಿಡಿಯೋ ಕಾಲ್ ಹಾಕಿ ಚೌಕದಲ್ಲಿ ನಿಂತೆ. ಅಲ್ಲಿ ಮೂರೂವರೆ, ಅಪ್ಪ ಬದುವಿನ ಮೇಲೆ ಕೂತಿದ್ದ, ಹಿಂದೆ ನಾಟಿ ಗದ್ದೆ. ಗಂಟೆ ಹೊಡೆಯಿತು. ಎಂಟೂ ಜನ ಸಾಲಾಗಿ ಬಂದು ಕುರ್ಚಿಯಲ್ಲಿ ಕೂತರು. ಕೂಗುವವನು ಒಂದೊಂದೇ ನಾಲೆಯ ಹೆಸರು ಹೇಳಿ ಆಪಾದಿತರನ್ನು ಕರೆದ. ಕ್ವಾರ್ತ್. ಯಾರೂ ಇಲ್ಲ. ಮಿಸ್ಲಾತಾ. ಇಲ್ಲ. ಮೆಸ್ತಾಯಾ ಎಂದಾಗ ಪಕ್ಕದಲ್ಲಿದ್ದ ಪ್ರವಾಸಿ ಹುಡುಗ "ಅದು ಫುಟ್‌ಬಾಲ್ ಸ್ಟೇಡಿಯಂ ಅಲ್ವಾ!" ಎಂದು ಕಣ್ಣರಳಿಸಿದ. ಸ್ಟೇಡಿಯಂಗೆ ಆ ಹೆಸರು ಬಂದದ್ದೇ ನಾಲೆಯಿಂದ. ಆ ನಾಲೆಯ ಎಷ್ಟೋ ಹೊಲದ ಮೇಲೆ ಈಗ ಊರೇ ಕೂತಿದೆ. ಎಂಟೂ ಹೆಸರು ಮುಗಿದವು, ಯಾರೂ ಬರಲಿಲ್ಲ. ಕರಿ ಅಂಗಿಯವರು ಎದ್ದು ಹೊರಟರು. ಪ್ರವಾಸಿಗಳು ಚಪ್ಪಾಳೆ ಹೊಡೆದರು.

"ಅಷ್ಟೇನಾ? ಯಾರೂ ಬರ್ನಿಲ್ವಾ?"

"ಇಲ್ಲಪ್ಪ. ಎಷ್ಟೋ ವಾರ ಹಿಂಗೇ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಂದ್ರೆ ಎಲ್ಲಾರ್ಗೂ ನೀರ್ ಸಿಕ್ತೂ ಅಂತ್ಲಾ, ಇಲ್ಲಾ ಯವಸಾಯನೇ ಬುಟ್ಬುಟ್ರಾ?"

ಎರಡೂ ಇರಬಹುದು ಅನ್ನುವಷ್ಟರಲ್ಲಿ ಆ ಕಡೆ ಯಾರೋ ಕೂಗಿದರು. ತೂಬಿಗೆ ನೀರು ಬಂದಿತ್ತಂತೆ. ಫೋನಿನಲ್ಲಿ ಒಂದು ಕ್ಷಣ ಆಕಾಶ ಕಂಡಿತು, ಆಮೇಲೆ ಅಪ್ಪನ ಓಡುವ ಕಾಲು, ಆಮೇಲೆ ಕಟ್ಟಾಯಿತು.